ಬೆಂಗಳೂರಿನ ಮೆಟ್ರೊ, ಬಸ್ಸು: ದರದ ಲೆಕ್ಕ, ಬದಲಾವಣೆಯ ನಿಯಮ, ದುಡ್ಡು ಸೋರುವ ಜಾಗಗಳು

ಬೆಂಗಳೂರಿನಲ್ಲಿ ಓಡಾಟದ ಖರ್ಚನ್ನು ಹೆಚ್ಚಿನವರು ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ಅದಕ್ಕೇ ತಿಂಗಳ ಕೊನೆಗೆ ಲೆಕ್ಕ ಕೂಡುವುದಿಲ್ಲ. ಇಲ್ಲಿ ಜೇಬಿಗೆ ಹೊರೆಯಾಗುವುದು ದೂರಕ್ಕಿಂತ ಹೆಚ್ಚಾಗಿ ಹೊಸ ಟಿಕೆಟ್ಟು. ಮೆಟ್ರೊದೊಳಗೆ ಎಷ್ಟು ಸಲ ರೈಲು ಬದಲಿಸಿದರೂ ಒಂದೇ ದರ. ಬಸ್ಸಿನಲ್ಲಿ ಇಳಿದು ಇನ್ನೊಂದು ಹತ್ತಿದರೆ ಮತ್ತೆ ಮೊದಲ ಸ್ಟೇಜಿನಿಂದ ಎಣಿಕೆ. ಮೆಟ್ರೊದಿಂದ ಬಸ್ಸಿಗೆ ಬಂದರೂ, ಬಸ್ಸಿನಿಂದ ಮೆಟ್ರೊಗೆ ಹೋದರೂ ಎರಡಕ್ಕೂ ಬೇರೆ ಬೇರೆ ದುಡ್ಡು. ಈ ಮೂರು ನಿಯಮ ತಲೆಯಲ್ಲಿದ್ದರೆ ಉಳಿದದ್ದು ಕೂಡಿಸುವ ಕಳೆಯುವ ಕೆಲಸ.

ಆದ್ದರಿಂದ ಮೊದಲ ಹೆಜ್ಜೆ ಕಾಗದದ ಮೇಲೆ. ಮನೆಯಿಂದ ಕೆಲಸದ ಜಾಗದವರೆಗಿನ ದಾರಿಯನ್ನು ತುಂಡು ತುಂಡಾಗಿ ಬರೆದುಕೊಳ್ಳಿ: ಮನೆಯಿಂದ ನಿಲ್ದಾಣ, ಮೆಟ್ರೊ, ಇಳಿದ ಮೇಲಿನ ಬಸ್ಸು. ಪ್ರತಿ ತುಂಡಿನ ಮುಂದೆ ಒಂದು ಸಲಕ್ಕೆ ಎಷ್ಟು ಎಂದು ಬರೆಯಿರಿ. ಕಾರ್ಡು ಬೇಕೇ, ಪಾಸು ಬೇಕೇ ಎಂಬುದೆಲ್ಲ ಈ ಚೀಟಿಯ ಮೇಲೇ ತೀರ್ಮಾನವಾಗುತ್ತದೆ.

ಮೆಟ್ರೊ ದರ ಹೇಗೆ ಕೂಡುತ್ತದೆ

2025ರ ಫೆಬ್ರವರಿ 9ರಂದು ನಮ್ಮ ಮೆಟ್ರೊ ದರ ಏರಿತು. ಅಲ್ಲಿಯವರೆಗೆ 60 ರೂ. ಇದ್ದ ಗರಿಷ್ಠ ದರ 90 ರೂ. ಆಯಿತು. ಜನ ಸಿಟ್ಟಾದರು. ಫೆಬ್ರವರಿ 14ರಿಂದ ಕೆಲವು ನಿಲ್ದಾಣಗಳ ನಡುವಿನ ದರ ಇಳಿಸಿದರು, ಆದರೆ ಕನಿಷ್ಠ 10, ಗರಿಷ್ಠ 90 ಹಾಗೆಯೇ ಉಳಿಯಿತು. ನಡುವಿನ ದರಗಳೆಲ್ಲ ಹತ್ತು ಹತ್ತು ರೂಪಾಯಿಯ ಮೆಟ್ಟಿಲುಗಳು.

ಮೆಟ್ಟಿಲು ಇರುವ ಕಡೆಯೆಲ್ಲ ಅಂಚು ಇರುತ್ತದೆ. ನೀವು ಹತ್ತುವ ನಿಲ್ದಾಣದಿಂದ ಇಳಿಯುವ ನಿಲ್ದಾಣಕ್ಕೆ 50 ರೂ. ಇದ್ದು, ಒಂದು ನಿಲ್ದಾಣ ಮೊದಲೇ ಇಳಿದರೆ 40 ಆಗುವುದಾದರೆ, ಆ ಕೊನೆಯ ನಿಲ್ದಾಣಕ್ಕೆ ನೀವು ದಿನಕ್ಕೆ ಎರಡು ಸಲ ಹತ್ತು ರೂಪಾಯಿ ಕೊಡುತ್ತಿದ್ದೀರಿ ಎಂದಾಯಿತು. ಹತ್ತು ಹನ್ನೆರಡು ನಿಮಿಷ ನಡೆಯಲು ತೊಂದರೆ ಇಲ್ಲದವರಿಗೆ ಇದು ತಿಂಗಳಿಗೆ ನಾನೂರು ರೂಪಾಯಿ ದಾಟುವ ಮಾತು. ನಮ್ಮ ಮೆಟ್ರೊ ಆ್ಯಪ್‌ನಲ್ಲಿ ನಿಮ್ಮ ನಿಲ್ದಾಣ, ಅದರ ಹಿಂದಿನದು, ಮುಂದಿನದು ಈ ಮೂರನ್ನೂ ಹಾಕಿ ದರ ನೋಡಿ. ಒಂದು ಸಲ ಮಾಡಿದರೆ ಸಾಕು, ಮುಂದಿನ ದರ ಪರಿಷ್ಕರಣೆಯವರೆಗೆ ಅದೇ ಉತ್ತರ.

ಕಾರ್ಡು, ಕ್ಯೂಆರ್, ಟೋಕನ್: ಯಾವುದು ಯಾರಿಗೆ

ವಾರಕ್ಕೆ ಎರಡು ಮೂರು ಸಲವಾದರೂ ಮೆಟ್ರೊ ಹತ್ತುವವರು ಸ್ಮಾರ್ಟ್ ಕಾರ್ಡ್ ಇಟ್ಟುಕೊಳ್ಳುವುದೇ ಸರಿ. ಕಾರ್ಡಿಗೆ 50 ರೂ., ಅದು ವಾಪಸ್ ಬರುವುದಿಲ್ಲ. ರಿಯಾಯಿತಿ ಹೀಗಿದೆ:

– ಯಾವ ಹೊತ್ತಿನಲ್ಲಾದರೂ ಶೇ 5.
– ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೂ ಶೇ 5 ಸೇರಿ ಒಟ್ಟು ಶೇ 10. ಆ ಹೊತ್ತುಗಳು: ಬೆಳಿಗ್ಗೆ ಮೊದಲ ರೈಲಿನಿಂದ 8 ಗಂಟೆವರೆಗೆ, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರಿಂದ ಕೊನೆಯ ರೈಲಿನವರೆಗೆ.
– ಭಾನುವಾರ, ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರಂದು ದಿನವಿಡೀ ಶೇ 10.

60 ರೂಪಾಯಿ ದರದವರನ್ನು ತೆಗೆದುಕೊಳ್ಳಿ. ಕಾರ್ಡಿನಲ್ಲಿ 57, ದಟ್ಟಣೆ ಇಲ್ಲದ ಹೊತ್ತಿನಲ್ಲಿ 54. ತಿಂಗಳಿಗೆ 22 ದಿನ, ಹೋಗಿ ಬರುವುದು ಅಂದರೆ 44 ಸಲ. ಟೋಕನ್‌ನಲ್ಲಿ 2,640, ಕಾರ್ಡಿನಲ್ಲಿ 2,508, ದಿನಕ್ಕೊಂದು ಸಲ ಬೆಳಿಗ್ಗೆ 8ಕ್ಕೆ ಮೊದಲು ಹೋದರೆ 2,442. ಕಾರ್ಡಿಗೆ ಕೊಟ್ಟ 50 ರೂಪಾಯಿ ಹದಿನೇಳು ಸಲದಲ್ಲಿ ವಾಪಸ್ ದುಡಿದುಕೊಳ್ಳುತ್ತದೆ. ಹತ್ತು ರೂಪಾಯಿಯ ದೂರಕ್ಕೆ ಮಾತ್ರ ಹೋಗುವವರಿಗೆ ಸಲಕ್ಕೆ ಉಳಿಯುವುದು ಐವತ್ತು ಪೈಸೆ. ಅವರು ಕಾರ್ಡು ತೆಗೆದುಕೊಂಡರೆ ಅದು ಸಾಲಿನಲ್ಲಿ ನಿಲ್ಲುವುದನ್ನು ತಪ್ಪಿಸಲು, ಉಳಿತಾಯಕ್ಕಲ್ಲ.

8 ಗಂಟೆಯ ಅಂಚಿನಲ್ಲಿ ಆಟ ಆಡಬೇಡಿ. 7:58ಕ್ಕೆ ಓಡೋಡಿ ಬಂದು ಗೇಟು ದಾಟಿ ಮೂರು ರೂಪಾಯಿ ಉಳಿಯಿತೆಂದು ಲೆಕ್ಕ ಹಾಕುವುದಕ್ಕಿಂತ, ಒಳಗೆ ಹೋಗುವುದು ಹೊರಗೆ ಬರುವುದು ಎರಡೂ ಆ ಅವಧಿಯೊಳಗೆ ಬೀಳುವಂತೆ ಹೊರಟರೆ ಅನುಮಾನವೇ ಇರುವುದಿಲ್ಲ.

ಕಾರ್ಡಿನಲ್ಲಿ ಕನಿಷ್ಠ 90 ರೂ. ಇಲ್ಲದಿದ್ದರೆ ಗೇಟು ಒಳಗೆ ಬಿಡುವುದಿಲ್ಲ. ಹತ್ತು ರೂಪಾಯಿಯ ದೂರಕ್ಕೆ ಹೋಗುವವರಿಗೆ ಇದು ಅನ್ಯಾಯ ಅನ್ನಿಸುತ್ತದೆ, ಅನ್ನಿಸಬೇಕಾದ್ದೇ. ಕಾರಣ ಮಾತ್ರ ಸರಳ: ನೀವು ಎಲ್ಲಿ ಇಳಿಯುತ್ತೀರಿ ಎಂಬುದು ಒಳಗೆ ಬರುವಾಗ ಗೇಟಿಗೆ ಗೊತ್ತಿರುವುದಿಲ್ಲ. ಅತಿ ದೂರದ ದರ ಇದೆಯೇ ಎಂದಷ್ಟೇ ಅದು ನೋಡುತ್ತದೆ. ಬಾಕಿ 150ಕ್ಕೆ ಇಳಿದಾಗಲೇ ತುಂಬಿಸುವ ಅಭ್ಯಾಸ ಇಟ್ಟುಕೊಳ್ಳಿ.

ಆನ್‌ಲೈನ್ ರೀಚಾರ್ಜ್ ಮಾಡಿದವರು ಸಿಕ್ಕಿಬೀಳುವುದೂ ಇಲ್ಲೇ. ಖಾತೆಯಿಂದ ದುಡ್ಡು ಹೋದ ಕೂಡಲೇ ಅದು ಕಾರ್ಡಿನೊಳಗೆ ಬಂದು ಕೂರುವುದಿಲ್ಲ. ಬಾಕಿ ಇರುವುದು ಕಾರ್ಡಿನ ಚಿಪ್ಪಿನಲ್ಲಿ, ಆಮೇಲೆ ನಿಲ್ದಾಣದ ಯಂತ್ರಕ್ಕೆ ಮುಟ್ಟಿಸಿದಾಗಲೇ ಅದು ಏರುವುದು. ಗೇಟಿನ ಮುಂದೆ ನಿಂತು ಮೊಬೈಲಿನಲ್ಲಿ ರೀಚಾರ್ಜ್ ಮಾಡಿ, ತಕ್ಷಣ ಕಾರ್ಡು ಇಟ್ಟರೆ ಕೆಂಪು ದೀಪ ಖಂಡಿತ. ಹಿಂದಿನ ರಾತ್ರಿಯೇ ಮಾಡಿ, ಇಲ್ಲವೇ ಕೌಂಟರಿನಲ್ಲಿ ತುಂಬಿಸಿ. ಬ್ಯಾಂಕುಗಳು ಕೊಡುವ ರುಪೇ ಎನ್‌ಸಿಎಂಸಿ (ರಾಷ್ಟ್ರೀಯ ಸಾಮಾನ್ಯ ಸಂಚಾರ) ಕಾರ್ಡಿಗೂ ಇದೇ ಮಾತು: ಅದು ಡೆಬಿಟ್ ಕಾರ್ಡೂ ಆಗಿದ್ದರೆ, ನಿಮ್ಮ ಉಳಿತಾಯ ಖಾತೆಯಲ್ಲಿ ಲಕ್ಷ ಇದ್ದರೂ ಚಿಪ್ಪಿನ ವ್ಯಾಲೆಟ್ ಖಾಲಿಯಾಗಿದ್ದರೆ ಗೇಟು ತೆರೆಯುವುದಿಲ್ಲ.

ಅಪರೂಪಕ್ಕೆ ಹೋಗುವವರಿಗೆ ಕ್ಯೂಆರ್ ಟಿಕೆಟ್ ಸಾಕು. ನಮ್ಮ ಮೆಟ್ರೊ ಆ್ಯಪ್‌ನಲ್ಲಿ ತೆಗೆಯಬಹುದು, ಅಥವಾ 81055 56677 ಸಂಖ್ಯೆಗೆ ವಾಟ್ಸ್ಆ್ಯಪ್‌ನಲ್ಲಿ ಹಾಯ್ ಎಂದು ಕಳಿಸಿದರೆ ಭಾಷೆ, ನಿಲ್ದಾಣ ಕೇಳುತ್ತಾ ಹೋಗುತ್ತದೆ. ಒಂದೇ ಕ್ಯೂಆರ್‌ನಲ್ಲಿ 6 ಮಂದಿವರೆಗೆ ತೆಗೆಯಬಹುದು, ಆದರೆ ಗೇಟಿಗೆ ಪ್ರತಿಯೊಬ್ಬರಿಗೂ ಒಂದೊಂದು ಸಲ ತೋರಿಸಬೇಕು, ಹೊರಗೆ ಬರುವಾಗಲೂ ಹಾಗೆಯೇ. ಗುಂಪಿನಲ್ಲಿ ಫೋನು ಇಟ್ಟುಕೊಂಡವರು ಮೊದಲು ದಾಟಿ ಹೋಗಬಾರದು, ಎಲ್ಲರನ್ನೂ ದಾಟಿಸಿ ಕೊನೆಗೆ ದಾಟಬೇಕು. ಇದನ್ನು ಮರೆತು ಗೇಟಿನ ಎರಡು ಬದಿಯಲ್ಲಿ ನಿಂತು ಫೋನು ಕೈ ಬದಲಿಸುವ ಸಂಸಾರಗಳು ಭಾನುವಾರದ ಮೆಜೆಸ್ಟಿಕ್‌ನಲ್ಲಿ ಕಡಿಮೆ ಇಲ್ಲ.

ಪ್ರವಾಸಕ್ಕೆ ಬಂದವರಿಗೆ ಒಂದು, ಮೂರು, ಐದು ದಿನಗಳ ಅಪರಿಮಿತ ಪ್ರಯಾಣದ ಪಾಸುಗಳಿವೆ. ಕೊಳ್ಳುವ ಮೊದಲು ಆ ದಿನ ಎಷ್ಟು ಸಲ ಹತ್ತುತ್ತೀರೋ ಎಣಿಸಿ. ಲಾಲ್‌ಬಾಗ್, ವಿಧಾನಸೌಧ, ಎಂ.ಜಿ. ರೋಡ್ ಇವೆಲ್ಲ ಹತ್ತಿರ ಹತ್ತಿರ ಇರುವುದರಿಂದ ಬಿಡಿ ಟಿಕೆಟ್ಟೇ ಅಗ್ಗವಾಗುವುದು ಹೆಚ್ಚು.

ಮೆಟ್ರೊದೊಳಗೆ ಮಾರ್ಗ ಬದಲಿಸುವುದು

ಈಗಿರುವ ಮೂರು ಮಾರ್ಗಗಳು: ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ, ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ ಹಸಿರು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ. ಹಳದಿ ಮಾರ್ಗದಲ್ಲಿ ಜನರ ಓಡಾಟ ಶುರುವಾದದ್ದು 2025ರ ಆಗಸ್ಟ್ 11ರಂದು. ನೇರಳೆ–ಹಸಿರು ಸೇರುವುದು ಮೆಜೆಸ್ಟಿಕ್‌ನ ನಾಡಪ್ರಭು ಕೆಂಪೇಗೌಡ ನಿಲ್ದಾಣದಲ್ಲಿ, ಹಸಿರು–ಹಳದಿ ಸೇರುವುದು ಆರ್.ವಿ. ರಸ್ತೆಯಲ್ಲಿ. ನೇರಳೆಗೂ ಹಳದಿಗೂ ನೇರ ಸಂಬಂಧವಿಲ್ಲ, ಹಸಿರಿನ ಮೂಲಕವೇ ಹೋಗಬೇಕು.

ಬದಲಿಸುವಾಗ ಒಂದೇ ನಿಯಮ: ಗೇಟಿನಿಂದ ಹೊರಗೆ ಬರಬೇಡಿ. ಇಳಿದ ಪ್ಲಾಟ್‌ಫಾರ್ಮಿನಿಂದ ಬಣ್ಣದ ಫಲಕ ಹಿಡಿದು ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗಿ. ಟಿಕೆಟ್ಟನ್ನು ಮೊದಲ ನಿಲ್ದಾಣದಿಂದ ಕೊನೆಯ ನಿಲ್ದಾಣಕ್ಕೇ ತೆಗೆಯಿರಿ. ಮೆಜೆಸ್ಟಿಕ್‌ವರೆಗೆ ಒಂದು, ಅಲ್ಲಿಂದ ಇನ್ನೊಂದು ತೆಗೆದರೆ ಎರಡು ಸಲ ಕೆಳಗಿನ ಮೆಟ್ಟಿಲಿನಿಂದ ಏರಿದ ಹಾಗೆ. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಎರಡು ಕಡೆ ರೈಲು ಬದಲಿಸಿ ಹೋದರೂ ಒಂದೇ ಟಿಕೆಟ್ಟಿನಲ್ಲಿ ಗರಿಷ್ಠ 90 ರೂ., ಕಾರ್ಡಿನಲ್ಲಿ 85.50. ಅದೇ ದಾರಿಯನ್ನು ಮೆಜೆಸ್ಟಿಕ್‌ನಲ್ಲಿ ಹೊರಬಂದು ಎರಡು ತುಂಡು ಮಾಡಿದರೆ ನೂರು ದಾಟುತ್ತದೆ.

ಹಳದಿ ಮಾರ್ಗದಲ್ಲಿ ರೈಲುಗಳ ನಡುವಿನ ಅಂತರ ಉಳಿದೆರಡಕ್ಕಿಂತ ಹೆಚ್ಚು. ಹಾಗಾಗಿ ಎಷ್ಟು ಹೊತ್ತಿಗೆ ಮನೆ ಬಿಡಬೇಕೆಂಬುದನ್ನು ಆರ್.ವಿ. ರಸ್ತೆಯಲ್ಲಿ ಹಳದಿ ರೈಲು ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ.

ದೂರದೂರಿನ ರೈಲು ಹಿಡಿಯುವವರಿಗೆ ಎರಡು ಮಾತು. ಬೆಂಗಳೂರು ಸಿಟಿ ರೈಲು ನಿಲ್ದಾಣಕ್ಕೆ ಹೋಗಲು ಮೆಜೆಸ್ಟಿಕ್‌ ಒಂದೇ ಅಲ್ಲ, ನೇರಳೆ ಮಾರ್ಗದಲ್ಲಿ ಅದರ ಪಕ್ಕದಲ್ಲೇ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವೂ ಇದೆ. ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣವೂ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲೂ ಒಂದೇ ಅಲ್ಲ. ಹೆಸರು ಕೇಳಿ ಒಂದೇ ಎಂದುಕೊಂಡು ಬಂದವರು ಪೆಟ್ಟಿಗೆ ಹೊತ್ತು ಆಟೊ ಹುಡುಕಬೇಕಾಗುತ್ತದೆ, ಅದಕ್ಕೆ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಗೇಟು ಏಕೆ ತೆರೆಯುವುದಿಲ್ಲ

ಸುಮ್ಮನೆ ಮತ್ತೆ ಮತ್ತೆ ಮುಟ್ಟಿಸುವ ಮೊದಲು ಪರದೆಯ ಮೇಲಿನ ಸಾಲು ಓದಿ. ಪದೇ ಪದೇ ಕಾಣುವ ಕಾರಣಗಳು ಇಷ್ಟೇ.

ಪರ್ಸಿನಲ್ಲಿ ಎರಡು ಕಾರ್ಡು. ಮೆಟ್ರೊ ಕಾರ್ಡೂ ಎನ್‌ಸಿಎಂಸಿ ಕಾರ್ಡೂ ಒಂದೇ ಪರ್ಸಿನಲ್ಲಿದ್ದು, ಪರ್ಸನ್ನೇ ಯಂತ್ರದ ಮೇಲೆ ಇಟ್ಟರೆ, ಒಳಗೆ ಬರುವಾಗ ಒಂದನ್ನು ಓದಿರುತ್ತದೆ, ಹೊರಗೆ ಹೋಗುವಾಗ ಇನ್ನೊಂದನ್ನು. ಎರಡನೆಯ ಕಾರ್ಡಿನಲ್ಲಿ ಒಳಬಂದ ಗುರುತೇ ಇಲ್ಲ, ಗೇಟು ತೆರೆಯುವುದಿಲ್ಲ. ಮೊದಲ ಕಾರ್ಡು ಇನ್ನೂ ಒಳಗೇ ಇರುವಂತೆ ದಾಖಲಾಗಿರುತ್ತದೆ, ಮರುದಿನ ಅದೂ ತಕರಾರು ಮಾಡುತ್ತದೆ. ಕಾರ್ಡನ್ನು ಹೊರಗೆ ತೆಗೆದು ಮುಟ್ಟಿಸಿ.

ಒಂದೇ ಕಾರ್ಡಿನಲ್ಲಿ ಇಬ್ಬರು. ಒಬ್ಬರು ಒಳಗೆ ಹೋಗಿ ಕಾರ್ಡನ್ನು ಹಿಂದಕ್ಕೆ ಕೊಟ್ಟರೆ ನಡೆಯುವುದಿಲ್ಲ. ಕಾರ್ಡಿನಲ್ಲಿ ಒಂದು ಪ್ರವೇಶಕ್ಕೆ ಒಂದು ನಿರ್ಗಮನ.

ಹೆಚ್ಚು ಹೊತ್ತು ಒಳಗಿದ್ದದ್ದು. ಗೇಟಿನೊಳಗೆ ಇರಬಹುದಾದ ಹೊತ್ತಿಗೆ ಮಿತಿಯಿದೆ. ಸ್ನೇಹಿತರಿಗಾಗಿ ಕಾಯುವುದಿದ್ದರೆ ಗೇಟಿನ ಹೊರಗೆ ಕಾಯಿರಿ, ಒಳಗೆ ಬೆಂಚಿನ ಮೇಲೆ ಕೂತರೆ ಹೊರಡುವಾಗ ದಂಡ ಕಟ್ಟಬೇಕಾಗುತ್ತದೆ.

ಟಿಕೆಟ್ ತೆಗೆದದ್ದಕ್ಕಿಂತ ಮುಂದೆ ಇಳಿದದ್ದು. ಇದಕ್ಕೆ ಗಾಬರಿ ಬೇಡ, ಗ್ರಾಹಕ ಸೇವಾ ಕೌಂಟರಿನಲ್ಲಿ ವ್ಯತ್ಯಾಸ ಕಟ್ಟಿದರೆ ಬಿಡುತ್ತಾರೆ. ಮೊದಲೇ ಇಳಿದರೆ ಉಳಿದ ದುಡ್ಡು ಹೋದಂತೆಯೇ. ಕಾರ್ಡಿನಲ್ಲಿ ಈ ಎರಡೂ ತಾಪತ್ರಯವಿಲ್ಲ, ಇಳಿದ ಜಾಗಕ್ಕೆ ತಕ್ಕಷ್ಟೇ ಕಡಿಯುತ್ತದೆ.

ಫೋನಿನ ಬ್ಯಾಟರಿ. ಕ್ಯೂಆರ್ ಹೊರಗೆ ಹೋಗುವಾಗಲೂ ಬೇಕು. ಶೇ 5 ಚಾರ್ಜು ಇಟ್ಟುಕೊಂಡು ಒಳಗೆ ಹೋಗುವುದಿದ್ದರೆ ಟೋಕನ್ ತೆಗೆದುಕೊಳ್ಳಿ.

ಸಾಮಾನಿಗೂ ಅಳತೆ ಇದೆ: 60×45×25 ಸೆಂ.ಮೀ., 15 ಕೆ.ಜಿ. ಇದನ್ನು ಮೀರಿದ ಪೆಟ್ಟಿಗೆಗೆ 30 ರೂ. ಕೇಳುತ್ತಾರೆ. ಊರಿನಿಂದ ಅಕ್ಕಿ ಚೀಲ, ತೆಂಗಿನಕಾಯಿ ತರುವವರು ತೂಕದ ಕಡೆ ಗಮನ ಕೊಡಿ.

ಬಿಎಂಟಿಸಿ: ಸ್ಟೇಜಿನ ಲೆಕ್ಕ

2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿತು. ಸಾಮಾನ್ಯ ಬಸ್ಸಿನಲ್ಲಿ ಒಂದು ಸ್ಟೇಜು ಎಂದರೆ ಸುಮಾರು 2 ಕಿ.ಮೀ. ಮೊದಲ ಸ್ಟೇಜಿಗೆ 6 ರೂ., ಎರಡಕ್ಕೆ 12, ಮೂರಕ್ಕೆ 18. ದೂರ ಹೆಚ್ಚಿದ ಹಾಗೆ ಸ್ಟೇಜಿಗೆ ಆರಾರು ರೂಪಾಯಿ ಏರುವುದು ನಿಲ್ಲುತ್ತದೆ. ಅಂದರೆ ಉದ್ದದ ಪ್ರಯಾಣ ಒಂದೇ ಬಸ್ಸಿನಲ್ಲಿ ಅಗ್ಗ, ತುಂಡಾದಷ್ಟೂ ದುಬಾರಿ.

ಚಿಕ್ಕ ದೂರದಲ್ಲೂ ಇದು ಕಾಣುತ್ತದೆ. 6 ಕಿ.ಮೀ. ಒಂದೇ ಬಸ್ಸಿನಲ್ಲಿ ಹೋದರೆ 18 ರೂ. ಅದನ್ನೇ 3 ಕಿ.ಮೀ.ಗಳ ಎರಡು ಬಸ್ಸಿನಲ್ಲಿ ಹೋದರೆ 12 ಮತ್ತು 12, ಒಟ್ಟು 24. ಅರ್ಧ ಸ್ಟೇಜಿಗೂ ಪೂರ್ತಿ ಸ್ಟೇಜಿನ ದುಡ್ಡು ಹೋಗುವುದೇ ಕಾರಣ. ಆದ್ದರಿಂದ ಹತ್ತು ನಿಮಿಷ ಕಾದರೆ ನೇರ ಬಸ್ಸು ಸಿಗುವುದಾದರೆ ಕಾಯಿರಿ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ 335ಇ ಇರುವಾಗ ನಡುವೆ ಇಳಿದು ಹತ್ತುವ ಅಗತ್ಯವಿಲ್ಲ.

ಸ್ಟೇಜಿನ ಅಂಚು ಎಲ್ಲಿ ಬೀಳುತ್ತದೆ ಎಂದು ಕಂಡಕ್ಟರಿಗೆ ಬಾಯಿಪಾಠ. “ಸಾರ್, ಇಲ್ಲಿಗೇ ಸ್ಟೇಜಾ, ಮುಂದಿನ ಸ್ಟಾಪಿಗಾ?” ಎಂದು ಒಮ್ಮೆ ಕೇಳಿಕೊಂಡರೆ, ಒಂದು ಸ್ಟಾಪು ಮೊದಲೇ ಇಳಿಯುವುದು ಲಾಭವೇ ಎಂದು ಗೊತ್ತಾಗುತ್ತದೆ.

ಚಿಲ್ಲರೆಯದ್ದು ಬೇರೆಯೇ ಅಧ್ಯಾಯ. 12 ರೂಪಾಯಿಯ ಟಿಕೆಟ್ಟಿಗೆ 50ರ ನೋಟು ಕೊಟ್ಟರೆ ಕಂಡಕ್ಟರು ಟಿಕೆಟ್ಟಿನ ಹಿಂದೆ 38 ಎಂದು ಗೀಚಿ ಕೊಡುತ್ತಾರೆ. ಆ ಚೀಟಿಯೇ ನಿಮ್ಮ ಸಾಲಪತ್ರ. ಮಡಚಿ ಜೇಬಿನ ತಳಕ್ಕೆ ಹಾಕಬೇಡಿ, ಕೈಯಲ್ಲೇ ಹಿಡಿದುಕೊಳ್ಳಿ, ಇಳಿಯುವ ಎರಡು ಸ್ಟಾಪು ಮೊದಲೇ ಕೇಳಿ. ಇಳಿದ ಮೇಲೆ ಅದಕ್ಕೆ ಬೆಲೆಯಿಲ್ಲ. ಬಸ್ಸಿನೊಳಗೆ ಅಂಟಿಸಿರುವ ಯುಪಿಐ ಕ್ಯೂಆರ್‌ಗೆ ಕಟ್ಟಿದರೆ ಈ ತೊಂದರೆಯೇ ಇಲ್ಲ, ಆದರೆ ಮೊತ್ತವನ್ನು ಕಂಡಕ್ಟರು ಹೇಳಿದ ಮೇಲೆ ಹಾಕಿ, ದುಡ್ಡು ಹೋದದ್ದನ್ನು ತೋರಿಸಿ ಟಿಕೆಟ್ ಕೈಗೆ ಪಡೆಯಿರಿ. ದುಡ್ಡು ಕಟ್ಟಿದ ಸಂದೇಶ ಟಿಕೆಟ್ ಅಲ್ಲ. ತಪಾಸಣೆಯವರು ಹತ್ತಿದಾಗ ಕೇಳುವುದು ಟಿಕೆಟ್ಟನ್ನೇ.

ಶಕ್ತಿ ಯೋಜನೆ ಇರುವವರಿಗೆ ಲೆಕ್ಕ ತಿರುಗುಮುರುಗು

2023ರ ಜೂನ್ 11ರಿಂದ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸಾಮಾನ್ಯ ಬಸ್ಸಿನಲ್ಲಿ ದರವಿಲ್ಲ. ವಜ್ರ, ವಾಯು ವಜ್ರದಂಥ ಎಸಿ ಬಸ್ಸುಗಳಲ್ಲಿ ಇದು ನಡೆಯುವುದಿಲ್ಲ. ಆಧಾರ್, ಮತದಾರರ ಚೀಟಿಯಂಥ ಸರ್ಕಾರಿ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಬೇರೆ ರಾಜ್ಯದಿಂದ ಬಂದು ಇಲ್ಲೇ ನೆಲೆಸಿದ್ದರೂ ಆಧಾರ್‌ನಲ್ಲಿ ಹಳೆಯ ಊರಿನ ವಿಳಾಸವಿದ್ದರೆ ದುಡ್ಡು ಕೊಡಬೇಕಾಗುತ್ತದೆ, ವಿಳಾಸ ಬದಲಿಸಿಕೊಳ್ಳುವುದೊಂದೇ ಪರಿಹಾರ.

ಉಚಿತವಾದರೂ ಶೂನ್ಯ ಟಿಕೆಟ್ ಪಡೆಯಲೇಬೇಕು, ಇಳಿಯುವವರೆಗೆ ಇಟ್ಟುಕೊಳ್ಳಲೇಬೇಕು. ಗದ್ದಲದಲ್ಲಿ ಕಂಡಕ್ಟರು ಹಿಂದಿನ ಬಾಗಿಲಲ್ಲಿ ಸಿಕ್ಕಿಕೊಂಡಿದ್ದರೆ ಇಳಿಯುವ ಜಾಗದ ಹೆಸರನ್ನು ಕೂಗಿ ಹೇಳಿ, ಟಿಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿ ತರಿಸಿಕೊಳ್ಳಿ.

ಇವರಿಗೆ ಮೇಲೆ ಹೇಳಿದ “ತುಂಡು ಮಾಡಬೇಡಿ” ಎಂಬ ಸಲಹೆ ಅನ್ವಯಿಸುವುದಿಲ್ಲ. ನೇರ ಬಸ್ಸಿಗೆ ಕಾಯುವ ಬದಲು ಮೊದಲು ಬಂದದ್ದನ್ನು ಹತ್ತಿ, ದೊಡ್ಡ ಸ್ಟಾಪಿನಲ್ಲಿ ಬದಲಿಸಿ. ದುಡ್ಡು ಬೀಳುವುದು ಮೆಟ್ರೊ ತುಂಡಿಗೆ ಮಾತ್ರ. ಆದ್ದರಿಂದ ಮನೆ ಹತ್ತಿರದ ನಿಲ್ದಾಣ ಬಿಟ್ಟು, ಬಸ್ಸಿನಲ್ಲಿ ಮುಂದೆ ಹೋಗಿ ದರ ಒಂದು ಮೆಟ್ಟಿಲು ಇಳಿಯುವ ನಿಲ್ದಾಣದಲ್ಲಿ ಮೆಟ್ರೊ ಹತ್ತುವುದೂ ಲಾಭವೇ.

ಪಾಸು: ಎಲ್ಲಿಂದ ಲಾಭ ಶುರು

2025ರ ಜನವರಿಯಲ್ಲಿ ಪರಿಷ್ಕರಿಸಿದ ಪ್ರಕಾರ ಸಾಮಾನ್ಯ ಬಸ್ಸಿನ ದಿನದ ಪಾಸು 80 ರೂ., ವಾರದ್ದು 350, ತಿಂಗಳದ್ದು 1,200. ವಜ್ರದ ದಿನದ ಪಾಸು 140, ತಿಂಗಳದ್ದು 2,000. ವಿಮಾನ ನಿಲ್ದಾಣಕ್ಕೆ ಹೋಗುವ ವಾಯು ವಜ್ರದ ತಿಂಗಳ ಪಾಸು 4,000.

ದಿನದ ಪಾಸು ಕಂಡಕ್ಟರ ಹತ್ತಿರವೇ ಸಿಗುತ್ತದೆ. 18 ರೂಪಾಯಿಯ ಬಸ್ಸು ನಾಲ್ಕು ಹತ್ತಿದರೆ 72, ಪಾಸು ಬೇಡ. ಐದನೆಯದು ಹತ್ತಿದರೆ 90, ಪಾಸು ಬೇಕು. ಹಾಗಾಗಿ ಅದನ್ನು ಮೊದಲ ಬಸ್ಸಿನಲ್ಲೇ ಕೊಳ್ಳಬೇಕು. ಎರಡು ಟಿಕೆಟ್ ತೆಗೆದಾದ ಮೇಲೆ ನೆನಪಾದರೆ ಲಾಭ ಅಲ್ಲಿಗೇ ಮುಗಿಯಿತು. ವಾರದ ಪಾಸು ಐದು ದಿನದ ಪಾಸಿಗಿಂತ ಅಗ್ಗ, ನಾಲ್ಕಕ್ಕಿಂತ ದುಬಾರಿ. ತಿಂಗಳ ಪಾಸು ಹದಿನೈದು ದಿನದ ಪಾಸಿಗೆ ಸರಿಸಮ.

ತಿಂಗಳ ಪಾಸನ್ನು ಅಭ್ಯಾಸಬಲದಿಂದ ಕೊಳ್ಳುವವರು ತುಂಬ. ಕಡೆಗೊಮ್ಮೆ ಎಣಿಸಿ ನೋಡಿ. ದಿನಕ್ಕೆ 18 ರೂಪಾಯಿಯ ಬಸ್ಸು ಹೋಗುವಾಗ ಒಂದು, ಬರುವಾಗ ಒಂದು ಆದರೆ 24 ದಿನಕ್ಕೆ 864. ಪಾಸಿಗೆ 336 ರೂ. ಹೆಚ್ಚು ಕೊಟ್ಟಂತೆ. ಅದೇ ಎರಡೆರಡು ಬಸ್ಸು, 18 ಮತ್ತು 12 ಆದರೆ ದಿನಕ್ಕೆ 60, ತಿಂಗಳಿಗೆ 1,440. ಇಲ್ಲಿ ಪಾಸು 240 ಉಳಿಸುತ್ತದೆ. ಜೊತೆಗೆ ಭಾನುವಾರ ಸಂತೆಗೆ, ನೆಂಟರ ಮನೆಗೆ ಹೋಗುವುದೆಲ್ಲ ಲೆಕ್ಕಕ್ಕಿಲ್ಲ. ತಿಂಗಳ ಪಾಸಿನಲ್ಲಿ ಗುರುತಿನ ಚೀಟಿ ಜೊತೆಯಲ್ಲಿರಬೇಕು, ಕೊಳ್ಳುವಾಗಲೇ ಯಾವ ದಿನದಿಂದ ಯಾವ ದಿನದವರೆಗೆ ಎಂದು ನೋಡಿಕೊಳ್ಳಿ. ಟುಮಾಕ್ ಆ್ಯಪ್‌ನಲ್ಲಿ ತೆಗೆಯುವವರು ಬಸ್ಸು ಹತ್ತುವ ಮೊದಲೇ ಪಾಸು ತೆರೆದು ಇಟ್ಟುಕೊಂಡರೆ, ಸಿಗ್ನಲ್ ಸಿಗದ ಜಾಗದಲ್ಲಿ ಪೇಚಾಡಬೇಕಿಲ್ಲ.

ಸಾಮಾನ್ಯ ಪಾಸು ಹಿಡಿದು ವಜ್ರ ಹತ್ತಿದರೆ ಪೂರ್ತಿ ಟಿಕೆಟ್ ತೆಗೆಯಬೇಕು. ವಜ್ರದ ಪಾಸು ಸಾಮಾನ್ಯ ಬಸ್ಸಿನಲ್ಲಿ ನಡೆಯುತ್ತದೆ, ಕೆಐಎ ಎಂದು ಬೋರ್ಡು ಇರುವ ವಾಯು ವಜ್ರದಲ್ಲಿ ನಡೆಯುವುದಿಲ್ಲ.

ಚೀಟಿಗೆ ವಾಪಸ್

ಮೊದಲು ಬರೆದುಕೊಂಡ ಚೀಟಿಯನ್ನು ಈಗ ತುಂಬಿಸಬಹುದು. ಮನೆಯಿಂದ ಮೆಟ್ರೊಗೆ 3 ಕಿ.ಮೀ. ಬಸ್ಸು, 60 ರೂಪಾಯಿಯ ಮೆಟ್ರೊ, ಇಳಿದ ಮೇಲೆ ಇನ್ನೊಂದು 2 ಕಿ.ಮೀ. ಬಸ್ಸು ಎಂದಿಟ್ಟುಕೊಳ್ಳಿ. 12, 57, 6 ಸೇರಿ ಒಂದು ಸಲಕ್ಕೆ 75, ದಿನಕ್ಕೆ 150, 22 ದಿನಕ್ಕೆ 3,300. ಇದರಲ್ಲಿ ಬಸ್ಸಿನ ಪಾಲು 792 ಮಾತ್ರ, ಹಾಗಾಗಿ 1,200ರ ಪಾಸು ಈ ದಾರಿಗೆ ಹೊಂದುವುದಿಲ್ಲ. ಶಕ್ತಿ ಟಿಕೆಟ್ ಇರುವವರಿಗೆ ಆ 792 ಪೂರ್ತಿ ಉಳಿದು 2,508ಕ್ಕೆ ನಿಲ್ಲುತ್ತದೆ. ಕೊನೆಯ 2 ಕಿ.ಮೀ. ನಡೆದುಬಿಡುವವರಿಗೆ ತಿಂಗಳಿಗೆ 264 ಉಳಿಯುತ್ತದೆ. ಆ ತುಂಡಿಗೆ ಆಟೊ ಹಿಡಿದರೆ ಮಾತ್ರ ಈ ಲೆಕ್ಕವೆಲ್ಲ ಮಗುಚಿಬೀಳುತ್ತದೆ: ಮೆಟ್ರೊ ಕಾರ್ಡು ತಿಂಗಳಿಡೀ ಉಳಿಸಿದ 132 ರೂಪಾಯಿಯನ್ನು ನಾಲ್ಕೈದು ಆಟೊ ಸವಾರಿ ನುಂಗಿಹಾಕುತ್ತದೆ. ನಿಲ್ದಾಣದ ಹೊರಗೆ ಎಂಎಫ್ ಎಂದು ಬೋರ್ಡು ಹಾಕಿಕೊಂಡ ಸಂಪರ್ಕ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಒಂದು ವಾರ ಗಮನಿಸಿ ಬರೆದಿಟ್ಟುಕೊಳ್ಳಿ, ಬನಶಂಕರಿ, ಕೆಂಗೇರಿ ಬಸ್ ಟರ್ಮಿನಲ್‌ನಂಥ ಮೆಟ್ರೊ ನಿಲ್ದಾಣಗಳ ಕಡೆ ಬಸ್ ನಿಲ್ದಾಣವೇ ಮೆಟ್ರೊ ಪಕ್ಕದಲ್ಲಿದೆ, ಅಲ್ಲಿ ಆ ಕಾಯುವಿಕೆಯೂ ಕಡಿಮೆ.